ಗೊರಟೆಗೆ ಕಟ್ಟಿದ ಕೆಂಪು ದಾರ

ಸಂಪಿಗೆಕೊಪ್ಪದ ದೇಸಾಯರ ಮನೆಗೆ ನದಿಯ ಎರಡೂ ದಂಡೆಯಲ್ಲಿ ಯಾರೂ ದಾರಿ ಕೇಳಬೇಕಾಗಿಲ್ಲ. ಆಚೆ ದಂಡೆಯಲ್ಲಿ ಆಶ್ರಮ ನಿಂತಿರುವ ನೆಲ ನಮ್ಮ ಮುತ್ತಜ್ಜ ಬಿಟ್ಟುಕೊಟ್ಟದ್ದು. ಅಲ್ಲಿಯ ಬಾವಿಯ ಕಟ್ಟೆ ನಮ್ಮಜ್ಜ ಕಟ್ಟಿಸಿದ್ದು. ಊರವರ ಜಗಳಗಳು ನಮ್ಮ ಪಡಸಾಲೆಯಲ್ಲಿ ತೀರುತ್ತಿದ್ದವು. ನಮ್ಮ ಮನೆಯ ಜಗಳ ಎಂದೂ ಬೇರೆಯವರ ಪಡಸಾಲೆ ಹತ್ತಲಿಲ್ಲ.

ನಮ್ಮ ಮನೆಯವರು ಯಾರ ಕ್ಷಮೆಯನ್ನೂ ಕೇಳಿದವರಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ರೂಢಿಯನ್ನು ಹೇಳುತ್ತಿದ್ದೇನೆ. ನಮ್ಮಿಂದ ಯಾರಿಗಾದರೂ ತಪ್ಪು ನಡೆದರೆ ಮರುದಿನ ಅವರ ಮನೆಗೆ ಒಂದು ಪೆಂಟೆ ಬೆಲ್ಲ, ದೊಡ್ಡದೊಂದು ಮುದ್ದೆ, ಹೋಗುತ್ತಿತ್ತು. ಬೆಲ್ಲದ ಜೊತೆಗೆ ಮಾತು ಹೋಗುತ್ತಿರಲಿಲ್ಲ. ಅವರು ಬೆಲ್ಲವನ್ನು ಒಳಗೆ ತೆಗೆದುಕೊಂಡರೆ ವಿಷಯ ಮುಗಿಯಿತು. ಹಿಂದಕ್ಕೆ ಕಳಿಸಿದವರು ಯಾರೂ ಇಲ್ಲ.

ಈ ಕಥೆಯಲ್ಲಿ ಆ ಆಶ್ರಮದ ಶಿಷ್ಯೆಯಾಗಿರುವವಳು ನನ್ನ ಸೋದರತ್ತೆ ಸರ್ವಮಂಗಳಾ, ಕರೆಯುವ ಹೆಸರು ಮಂಗಳಾ. ಅವಳು ಕಾನ್ವೆಂಟಿನಲ್ಲಿ ಓದಿದವಳು. ಮುಂದೆ ನಾನೂ ಅಲ್ಲಿಯೇ ಓದಿದೆ. ಬೆನ್ನು ನೆಟ್ಟಗಿರಬೇಕು, ಉಗುರು ಸ್ವಚ್ಛವಾಗಿರಬೇಕು, ಉತ್ತರ ಪೂರ್ಣ ವಾಕ್ಯದಲ್ಲಿರಬೇಕು ಎಂಬುದನ್ನು ಇಬ್ಬರೂ ಅಲ್ಲಿ ಕಲಿತೆವು.

ನಮ್ಮ ಬಳಗದ ಕೆಲವರು ಈ ಕಥೆಯ ಕೊನೆಗೆ ತಮ್ಮದೊಂದಿಷ್ಟು ಸೇರಿಸಿ ಹೇಳುತ್ತಾರೆ. ಗುರು ಅವಳ ತಲೆ ಸವರಿದರಂತೆ, ಹೊಗಳಿದರಂತೆ. ಅದು ಸರಿಯಲ್ಲ. ನಾನು ಅವಳ ಬಾಯಿಂದಲೇ ಕೇಳಿದ್ದೇನೆ. ಅವಳು ಎಲ್ಲಿ ನಿಲ್ಲಿಸಿದಳೋ ನಾನೂ ಅಲ್ಲಿಯೇ ನಿಲ್ಲಿಸುತ್ತೇನೆ.

ಕಥೆಯೊಳಗೆ ಅವಳನ್ನು ಅತ್ತೆ ಎಂದು ಕರೆಯುವುದಿಲ್ಲ. ಗುರುವಿನ ಮುಂದೆ ಅವಳು ಯಾರ ಅತ್ತೆಯೂ ಆಗಿರಲಿಲ್ಲ. ದೊಡ್ಡವರ ಮಾತನ್ನು ನೇರ್ಪುಗೊಳಿಸಿ ಬರೆದಿದ್ದೇನೆ. ಮಕ್ಕಳ ಮಾತನ್ನು ತಿದ್ದಿಲ್ಲ.

*

ಗುರು ಮಹಾಂತಮ್ಮ ಜಗಲಿಯ ಮೇಲೆ ಕುಳಿತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಮಂಗಳಾ ಎದುರಿಗೆ ನಿಂತಿದ್ದಳು.

"ಕೂರು."

"ಪರವಾಗಿಲ್ಲ ತಾಯಿ. ಚಿಕ್ಕ ಮಕ್ಕಳ ತರಗತಿಯನ್ನು ನನಗೆ ಕೊಡಿ ಎಂದು ಕೇಳಲು ಬಂದೆ."

"ಏನು ಕಲಿಸುತ್ತೀ?"

"ಈ ದಂಡೆಯ ಕಾಡುಹೂಗಳನ್ನು. ದಿನಾ ತುಳಿದುಕೊಂಡು ಓಡುತ್ತವೆ. ಹೆಸರು ಗೊತ್ತಿಲ್ಲ, ಗುರುತು ಗೊತ್ತಿಲ್ಲ."

"ಯಾರಿಗೆ? ಹೂಗಳಿಗೆ ಮಕ್ಕಳ ಗುರುತಿಲ್ಲವೋ, ಮಕ್ಕಳಿಗೆ ಹೂಗಳ ಗುರುತಿಲ್ಲವೋ?"

"ಮಕ್ಕಳಿಗೆ, ತಾಯಿ."

ಗುರು ಒಂದು ಬತ್ತಿ ಮುಗಿಸಿ ತಟ್ಟೆಗೆ ಹಾಕಿದರು. "ಶೀಗಿ ಹುಣ್ಣಿಮೆಗೆ ನೋಡೋಣ."

ಶೀಗಿ ಹುಣ್ಣಿಮೆ ನಮ್ಮ ಕಡೆ ಭೂಮಿತಾಯಿ ಬಸುರಿಯೆಂದು ಹೊಲದಲ್ಲಿ ಅವಳ ಉಡಿ ತುಂಬುವ ದಿನ. ಆಶ್ರಮದಲ್ಲಿ ಅದರ ಜೊತೆಗೆ ಇನ್ನೊಂದು ಪದ್ಧತಿ ಇತ್ತು. ಅಂದು ಮಕ್ಕಳು ಗುರುವನ್ನು ದಂಡೆಗೆ ಕರೆದೊಯ್ದು, ಒಂದೊಂದು ಮಗು ಒಂದೊಂದು ಗಿಡವನ್ನು ಅವರಿಗೆ ಪರಿಚಯ ಮಾಡಿಸಬೇಕು. ಮನೆಗೆ ಬಂದ ನೆಂಟರನ್ನು ಪರಿಚಯ ಮಾಡಿಸುವ ಹಾಗೆ.

"ಎಲ್ಲ ಮಕ್ಕಳೂ ಪರಿಚಯ ಮಾಡಿಸಿದರೆ ತರಗತಿ ನಿನ್ನದು" ಎಂದರು ಗುರು.

"ಇಲ್ಲದಿದ್ದರೆ?"

"ಮನೆಗೆ ದೋಣಿ ಇದ್ದೇ ಇದೆ."

ನಮ್ಮ ಮನೆಯವರು ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಆ ದೋಣಿ ಹತ್ತಿದ್ದಿಲ್ಲ. ಮಂಗಳಾ ಅದನ್ನೇ ಯೋಚಿಸುತ್ತ ಜಗಲಿ ಇಳಿದಳು.

*

ಮರುದಿನವೇ ಅವಳು ಹೂಗಳನ್ನು ಕಿತ್ತು ತಂದಳು. ದಪ್ಪ ಪುಸ್ತಕಗಳ ನಡುವೆ ಒತ್ತಿ ಒಣಗಿಸಿದಳು. ಬಿಳಿ ಹಾಳೆಗೆ ಅಂಟಿಸಿ ಕೆಳಗೆ ಹೆಸರು ಬರೆದಳು. ಅವಳ ಅಕ್ಷರ ಬಹಳ ಚಂದವಿತ್ತು.

ಮಕ್ಕಳು ಸಾಲಾಗಿ ಕುಳಿತವು. ಅವಳು ಹಾಳೆ ಎತ್ತಿ ಹಿಡಿದಳು.

"ಇದು ತುಂಬೆ."

"ತುಂಬೇ!"

"ಇದು ತಂಗಡಿ."

"ತಂಗಡೀ!"

"ಅಕ್ಕೋರ" ಎಂದ ಈರಣ್ಣ. ಅವನು ತರಗತಿಯಲ್ಲಿ ಎಲ್ಲರಿಗಿಂತ ಬಾಯಾಳಿ. "ಇದು ತುಂಬಿ ಅಲ್ರಿ. ತುಂಬಿ ಹಪ್ಪಳ."

ಮಕ್ಕಳು ನಕ್ಕವು. ಮಂಗಳಾ ನಗಲಿಲ್ಲ.

ಗುರು ಆ ಹೊತ್ತಿಗೆ ಅಂಗಳ ದಾಟುತ್ತಿದ್ದರು. ಒಳಗೆ ಬಂದು ತುಂಬೆಯ ಹಾಳೆಯನ್ನು ತೆಗೆದುಕೊಂಡರು. ಹೊರಗೆ ಹೋಗಿ ತುಳಸಿಕಟ್ಟೆಯ ಪಕ್ಕದಲ್ಲಿ ಅದನ್ನು ಇಟ್ಟು, ಹಾರದಂತೆ ಒಂದು ಕಲ್ಲು ಹೇರಿ, ಎದುರಿಗೆ ಕುಳಿತರು.

ಪಾಠ ಮುಗಿದು ಮಕ್ಕಳು ಊಟಕ್ಕೆ ಎದ್ದವು. ಗುರು ಇನ್ನೂ ಅಲ್ಲೇ ಕುಳಿತಿದ್ದರು.

"ಏನು ಮಾಡುತ್ತಿದ್ದೀರಿ ತಾಯಿ?"

"ದುಂಬಿ ಬರುತ್ತದೇನೋ ನೋಡುತ್ತಿದ್ದೇನೆ."

ಮಂಗಳಾ ಹಾಳೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದಳು.

*

ಆಮೇಲೆ ಪಾಠ ದಂಡೆಯ ಮೇಲೆ ನಡೆಯಿತು.

ತುಂಬೆಯ ಬಿಳಿ ಹೂವನ್ನು ಮೆಲ್ಲಗೆ ಎಳೆದು ಬುಡವನ್ನು ಚೀಪಿದರೆ ಸಿಹಿ ಬರುತ್ತದೆ. ಮಕ್ಕಳು ಚೀಪಿದವು. ಪಟಪಟಿಯ ಒಣಗಾಯಿಯನ್ನು ಉಗುಳಿನಲ್ಲಿ ನೆನೆಸಿ ಅಂಗೈಯಲ್ಲಿ ಮುಚ್ಚಿ ಹಿಡಿದರೆ ಪಟ್ಟನೆ ಸಿಡಿದು ಬೀಜ ಚೆಲ್ಲುತ್ತದೆ. ಸಿಡಿದಾಗಲೆಲ್ಲ ಅವು ಕಿರುಚಿದವು. ತಂಗಡಿಯ ಹಳದಿ ಎಸಳನ್ನು ಬಿಳಿ ಬಟ್ಟೆಯ ಮೇಲಿಟ್ಟು ಕಲ್ಲಿನಿಂದ ತಟ್ಟಿದರೆ ಬಟ್ಟೆಗೆ ಹೂವಿನ ಅಚ್ಚು ಇಳಿಯುತ್ತದೆ. ಈರಣ್ಣ ತನ್ನ ಅಂಗಿಗೇ ತಟ್ಟಿಕೊಂಡ.

ಮಂಗಳಾ ಉಗುರಿನ ಮಣ್ಣು ತೆಗೆಯುವುದನ್ನು ಬಿಟ್ಟಳು.

ಒಂದು ದಿನ ಅವಳು ಎಲ್ಲರಿಗೂ ಒಂದೊಂದು ಕೆಂಪು ದಾರ ಕೊಟ್ಟಳು. "ಒಬ್ಬೊಬ್ಬರು ಒಂದೊಂದು ಗಿಡ ಆರಿಸಿಕೊಂಡು ದಾರ ಕಟ್ಟಿ. ಇಂದಿನಿಂದ ಅದು ನಿಮ್ಮದು. ದಿನಾ ಬಂದು ಮುಟ್ಟಿ, ಮೂಸಿ, ಮಾತಾಡಿಸಿ. ಹುಣ್ಣಿಮೆಗೆ ತಾಯಿಯವರಿಗೆ ಅದನ್ನೇ ಪರಿಚಯ ಮಾಡಿಸಬೇಕು."

ಮಕ್ಕಳು ಹೂ ತುಂಬಿದ ಗಿಡಗಳಿಗೆ ಓಡಿದವು. ಫಕೀರವ್ವ ಎಂಬ ಹುಡುಗಿ ಮಾತ್ರ ಕೆಳಗಿನ ಕಲ್ಲುಗಳ ನಡುವೆ ಇಳಿದಳು. ಅಲ್ಲೊಂದು ಗೊರಟೆ ಇತ್ತು. ಮೈಯೆಲ್ಲ ಮುಳ್ಳು, ತುದಿಯನ್ನು ಆಡು ಕಡಿದಿತ್ತು. ಮೊಗ್ಗಿನ ಸುಳಿವಿರಲಿಲ್ಲ.

"ಇದೇ ಏಕೆ?" ಎಂದಳು ಮಂಗಳಾ.

"ಇದು ನನಗ ಚುಚ್ಚೇತ್ರಿ."

"ಚುಚ್ಚಿದರೆ ಬಿಡಬೇಕಲ್ಲವೇ?"

"ಬಿಡೂದ್ಹ್ಯಾಂಗ್ರಿ? ಅದರ ಮುಳ್ಳ ನನ್ನ ಕೈಯಾಗ ಮುರೀತ್ರಿ." ಅವಳು ಹೆಬ್ಬೆರಳು ತೋರಿಸಿದಳು. "ಅದಕ್ಕೂ ನೋವಾಗೇತಿ."

"ಹುಣ್ಣಿಮೆಗೆ ಹೂ ಬಿಡುತ್ತದೆಯೇ?"

"ಅದಕ್ಕ ಹುಣ್ಣಿಮಿ ಯಾವಾಗಂತ ಗೊತ್ತೈತೋ ಇಲ್ಲೋ. ಕೇಳ್ತೇನ್ ತಡೀರಿ." ಬಗ್ಗಿ ಎಲೆಗೆ ಬಾಯಿ ಹಚ್ಚಿ ಕೇಳಿದಳು. ಕಿವಿ ಹಚ್ಚಿದಳು. "ಸುಮ್ಮನೈತ್ರಿ" ಎಂದಳು.

*

ಹುಣ್ಣಿಮೆ ಹತ್ತಿರವಾಯಿತು. ಮಂಗಳಾ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ದಂಡೆಗೆ ಹೋಗಿ ಗೊರಟೆಯನ್ನು ನೋಡುತ್ತಿದ್ದಳು. ಎಲೆ ಸರಿಸಿ ನೋಡುತ್ತಿದ್ದಳು. ಏನೂ ಇರುತ್ತಿರಲಿಲ್ಲ. ಹಿಂದಿರುಗುವಾಗ ಅವಳ ಕಣ್ಣು ದೋಣಿಯ ಮೇಲೆ ಬೀಳುತ್ತಿತ್ತು. ಊಟಕ್ಕೆ ಕುಳಿತರೆ ಅರ್ಧಕ್ಕೆ ಏಳುತ್ತಿದ್ದಳು. ಕಸ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು.

"ತಾಯಿ, ಒಂದು ಗಿಡ ಹೂ ಬಿಡುತ್ತಿಲ್ಲ."

ಗುರು ಬತ್ತಿ ಹೊಸೆಯುತ್ತಿದ್ದರು. "ಬಿಡದಿದ್ದರೆ?"

"ಹುಣ್ಣಿಮೆಯ ದಿನ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ."

"ಯಾರು?"

"ಫಕೀರವ್ವ."

"ಫಕೀರವ್ವನೋ?"

ಮಂಗಳಾ ಪೊರಕೆ ತೆಗೆದುಕೊಂಡು ಅಂಗಳಕ್ಕೆ ಇಳಿದಳು.

ಹುಣ್ಣಿಮೆಯ ಹಿಂದಿನ ದಿನ ಬೆಳಕು ಹರಿಯುವಾಗ ಅವಳು ದಂಡೆಗೆ ಹೋದಳು. ಫಕೀರವ್ವನ ಗಿಡದಿಂದ ಕೆಂಪು ದಾರವನ್ನು ಬಿಚ್ಚಿದಳು. ತುಸು ಮೇಲೆ ಇನ್ನೊಂದು ಗೊರಟೆ ಇತ್ತು. ಮೈತುಂಬ ಹಳದಿ ಹೂ ಬಿಟ್ಟಿತ್ತು. ದಾರವನ್ನು ಅದಕ್ಕೆ ಕಟ್ಟಿದಳು.

ಇದು ಮೋಸ ಎಂದು ಅವಳಿಗೆ ಅನಿಸಲಿಲ್ಲ. ಮಗುವಿಗೆ ಉಪಕಾರ ಮಾಡಿದೆ ಎಂದೇ ಅನಿಸಿತು. ಅವಳೇ ನನಗೆ ಹಾಗೆ ಹೇಳಿದ್ದಾಳೆ.

*

ಮಕ್ಕಳು ಬಂದವು.

"ನೋಡು ಫಕೀರವ್ವಾ, ನಿನ್ನ ಗಿಡ ಹೂ ಬಿಟ್ಟಿದೆ!"

ಫಕೀರವ್ವ ಓಡಿ ಬಂದಳು. ನಿಂತಳು. ಹೂ ನೋಡಿದಳು, ದಾರ ನೋಡಿದಳು.

"ಇದು ನಂದಲ್ರಿ."

"ದಾರ ನಿನ್ನದೇ ಅಲ್ಲವೇ?"

"ದಾರ ನಂದ್ರಿ. ಗಿಡ ನಂದಲ್ರಿ. ನಂದು ಅಲ್ಲಿ ಕೆಳಗೈತಿ."

"ಅದೂ ಗೊರಟೆ, ಇದೂ ಗೊರಟೆ. ನಿನಗೆ ಮರೆತಿದೆ. ನೀನು ಕಟ್ಟಿದ್ದು ಇದಕ್ಕೇ."

"ಅಲ್ರಿ ಅಕ್ಕೋರ. ನಮ್ಮವ್ವನೂ ಅವ್ವನ, ಈರ‍್ಯಾನ ಅವ್ವನೂ ಅವ್ವನ. ಹಂಗಂತ ನಾ ಅವರ ಮನಿಗಿ ಉಣ್ಣಾಕ ಹೋಗ್ತೇನೇನ್ರಿ?"

"ಬಂದ್ರ ಬಾ, ನಮ್ಮವ್ವ ಒದೀತಾಳ" ಎಂದ ಈರಣ್ಣ.

ಮಕ್ಕಳೆಲ್ಲ ಹೋ ಎಂದವು. ಮಂಗಳಾಗೆ ಕೋಪ ಬಂತು. ನಾಳೆ ಹುಣ್ಣಿಮೆ. ಈ ಹುಡುಗಿ ಗುರುವಿನ ಎದುರಿಗೂ ಹೀಗೆಯೇ ಹೇಳಿದರೆ?

"ಸುಳ್ಳು ಹೇಳಬೇಡ" ಎಂದಳು. "ದಾರ ಎಲ್ಲಿದೆಯೋ ಅದೇ ನಿನ್ನ ಗಿಡ. ಎಲ್ಲರ ಮುಂದೆ ಹೇಳು. ಇದು ಯಾರದು?"

ಫಕೀರವ್ವ ದಾರವನ್ನು ಮುಟ್ಟಿದಳು. ಕೆಳಗಿನ ಕಲ್ಲುಗಳ ಕಡೆ ಒಮ್ಮೆ ನೋಡಿದಳು. ಮತ್ತೆ ಮಂಗಳಾಳ ಮುಖ ನೋಡಿದಳು.

"ನಂದ್ರಿ."

"ಹಾಗೆ ಬಾ."

"ಸುಳ್ಳಬುರುಕಿ ಫಕೀರಿ!" ಎಂದು ಈರಣ್ಣ ಕುಣಿದ. ಉಳಿದವೂ ಕುಣಿದವು. ಮಂಗಳಾ ಅವುಗಳ ಬಾಯಿ ಮುಚ್ಚಿಸಲಿಲ್ಲ.

ಅಂದು ಉಳಿದ ಹೊತ್ತೆಲ್ಲ ಫಕೀರವ್ವ ಜಗಳವಾಡಲಿಲ್ಲ, ಪ್ರಶ್ನೆ ಕೇಳಲಿಲ್ಲ. ತುಂಬೆ ಯಾವ ಬಣ್ಣ ಎಂದು ಕೇಳಿದರೂ ಹೂವನ್ನು ನೋಡದೆ ಮಂಗಳಾಳ ಮುಖ ನೋಡಿ, ಆಮೇಲೆ ಬಾಯಿ ತೆರೆದಳು.

ಹುಡುಗಿಗೆ ವಿಧೇಯತೆ ಬಂತು ಎಂದುಕೊಂಡಳು ಮಂಗಳಾ.

*

ಹುಣ್ಣಿಮೆಯ ದಿನ ಗಾಳಿ ಜೋರಾಗಿತ್ತು. ನದಿಯ ನೀರು ಒಂದೇ ಸಮನೆ ಕಲ್ಲಿಗೆ ಬಡಿಯುತ್ತಿತ್ತು. ಮಕ್ಕಳು ಗುರುವಿನ ಕೈ ಹಿಡಿದು ಎಳೆದುಕೊಂಡೇ ದಂಡೆಗೆ ತಂದವು.

ಗುರು ಹೆಗಲ ಮೇಲಿನ ಕಾವಿ ವಸ್ತ್ರವನ್ನು ತೆಗೆದು ಮಡಚಿದರು.

"ಕಣ್ಣು ಕಟ್ಟುತ್ತೇನೆ. ಕೈಯಿಂದ ಹುಡುಕಿ ನಿಮ್ಮ ಗಿಡವನ್ನು ತೋರಿಸಿ. ನೆಂಟರು ಕೈ ಹಿಡಿದರೇ ಗೊತ್ತಾಗಬೇಕು."

ಮಂಗಳಾ ಇದನ್ನು ಎಣಿಸಿರಲಿಲ್ಲ.

"ತಾಯಿ, ಮುಳ್ಳಿವೆ. ಚಿಕ್ಕ ಮಕ್ಕಳು."

"ಮುಳ್ಳಿಗೂ ಅವರ ಪರಿಚಯ ಇರುತ್ತದೆ."

ಈರಣ್ಣ ಮುಗ್ಗರಿಸುತ್ತ ಹೋಗಿ ತನ್ನ ತುಂಬೆಯನ್ನು ತಬ್ಬಿಕೊಂಡ. "ಇದ್ರಿ! ಇದರ ವಾಸನಿ ನಮ್ಮಜ್ಜಿ ಕಷಾಯದ ವಾಸನಿ." ತಂಗಡಿಯವಳು ತಂಗಡಿಯನ್ನು ಹಿಡಿದಳು. ಪಟಪಟಿಯವನು ಕಾಯಿ ಎಣಿಸಿ, ಒಂದು ಕಡಿಮೆಯಾಗಿದೆ, ಯಾರೋ ಕದ್ದಿದ್ದಾರೆ ಎಂದು ಅಲ್ಲಿಯೇ ಜಗಳ ತೆಗೆದ. ಗುರು ಪ್ರತಿಯೊಂದು ಗಿಡಕ್ಕೂ ಕೈ ಮುಗಿದರು.

ಕೊನೆಗೆ ಫಕೀರವ್ವ. ಕಣ್ಣು ಕಟ್ಟಿದ ಮೇಲೆ ಅವಳು ನಿಂತಲ್ಲಿಯೇ ನಿಂತಳು.

"ಅಕ್ಕೋರು ಎಲ್ಲಿ ಅದಾರ್ರಿ?"

"ಇಲ್ಲೇ ಇದ್ದಾರೆ" ಎಂದರು ಗುರು. "ನಿನ್ನ ಗಿಡ ಎಲ್ಲಿದೆ?"

ಅವಳು ಎರಡೂ ಕೈ ಮುಂದೆ ಚಾಚಿ ನಡೆದಳು. ಕೆಂಪು ದಾರದ ಗೊರಟೆ ಕೈಗೆ ಸಿಕ್ಕಿತು. ಹಿಡಿದಳು, ಸವರಿದಳು, ಬಿಟ್ಟಳು. ಗಾಳಿಗೆ ದಾರ ಅವಳ ಕೈಗೆ ತಾಗುತ್ತಲೇ ಇತ್ತು. ಅವಳಿಗೆ ಅದು ಬೇಕಾಗಿರಲಿಲ್ಲ. ಮೆಲ್ಲಗೆ ಕೆಳಗೆ ಇಳಿದಳು, ಕಲ್ಲುಗಳ ನಡುವೆ ಕೂತು ತಡಕಾಡಿದಳು.

ಅವಳ ಹೆಬ್ಬೆರಳು ಒಂದು ಕಡೆ ನಿಂತಿತು. ಮುಖ ಅರಳಿತು.

"ಇದ್ರಿ! ಇದು ಗೊರಟಿ. ಇಲ್ಲಿ ಮುಳ್ಳ ಮುರದೈತಿ, ಮುಟ್ಟಿ ನೋಡ್ರಿ. ಇಲ್ಲಿ ಆಡು ಕಡದೈತಿ. ಬುಡದಾಗ ಇರಿವಿ ಮನಿ ಐತಿ. ಇನ್ನೂ ಹೂ ಬಿಟ್ಟಿಲ್ರಿ. ಬಿಟ್ಟ ಮ್ಯಾಲ ಮತ್ತೊಮ್ಮಿ ಬರ್ರಿ."

ಗುರು ಬಗ್ಗಿ ಮುರಿದ ಮುಳ್ಳನ್ನು ಮುಟ್ಟಿದರು. ಕೈ ಮುಗಿದರು. ಕಣ್ಣಿನ ಬಟ್ಟೆ ಬಿಚ್ಚಿದರು.

ಫಕೀರವ್ವ ಗಿಡ ನೋಡಿದಳು. ದಾರ ಇರಲಿಲ್ಲ. ಕೆಂಡ ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು. ಮಂಗಳಾಳ ಮುಖ ನೋಡಿದಳು. ಎದ್ದು ಮೇಲಕ್ಕೆ ಓಡಿ ದಾರ ಕಟ್ಟಿದ ಗೊರಟೆಯ ಪಕ್ಕದಲ್ಲಿ ನಿಂತಳು.

"ತಪ್ಪಾತ್ರಿ ಅಕ್ಕೋರ. ಇದ ನಂದು. ಕೈಗೆ ತಿಳೀಲಿಲ್ರಿ. ಇನ್ನ ಹಂಗ ಮಾಡೂದಿಲ್ರಿ."

ಯಾರೂ ನಗಲಿಲ್ಲ. ಈರಣ್ಣನೂ ನಗಲಿಲ್ಲ.

*

ಗುರು ಮೇಲೆ ಹತ್ತಿ ಬಂದು ದಾರವನ್ನು ನೋಡಿದರು.

"ಇದು ನಡೆದುಕೊಂಡು ಬಂದಿತೇ ಮಂಗಳಾ?"

"ನಾನು ಕಟ್ಟಿದೆ."

"ಯಾಕೆ?"

"ಅವಳಿಗೆ ಬೇಸರವಾಗಬಾರದೆಂದು."

ಗುರು ಕಾದರು.

"ನನಗೆ ತರಗತಿ ಬೇಕಾಗಿತ್ತು" ಎಂದಳು ಮಂಗಳಾ.

ಗುರು ಇನ್ನೂ ಕಾಯುತ್ತಿದ್ದರು. ಮಂಗಳಾಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗಂಟು ಬಿಚ್ಚಲು ಹೋದಳು, ಅದು ಬಿಗಿದುಕೊಂಡಿತ್ತು. ಹಲ್ಲಿನಿಂದ ಕಡಿದು ದಾರ ತೆಗೆದಳು. ಕೆಳಗೆ ಇಳಿದು ಹೂ ಇಲ್ಲದ ಗೊರಟೆಗೆ ಕಟ್ಟಿದಳು. ಮುಳ್ಳು ಚುಚ್ಚಿ ರಕ್ತ ಬಂತು. ಮತ್ತೆ ಮೇಲೆ ಹತ್ತಿ ಬಂದಳು.

"ಆಯಿತು ತಾಯಿ. ಇದ್ದಲ್ಲಿಯೇ ಕಟ್ಟಿದೆ."

"ಗಿಡಕ್ಕೆ ದಾರ ಬೇಕಾಗಿರಲಿಲ್ಲ."

"ತರಗತಿ ಬಿಡುತ್ತೇನೆ. ಸಂಜೆಯ ದೋಣಿಗೆ ಹೋಗುತ್ತೇನೆ."

"ನಾನು ಅದನ್ನೂ ಕೇಳಿಲ್ಲ."

"ಹಾಗಾದರೆ ನಾಳೆ ಅವಳ ಮನೆಗೆ ಬೆಲ್ಲ ಕಳಿಸುತ್ತೇನೆ. ಅಚ್ಚುಕಟ್ಟಾದ ಪೆಂಟೆ. ಲಂಗಕ್ಕೆ ಬಟ್ಟೆಯನ್ನೂ ಕಳಿಸುತ್ತೇನೆ. ನಮ್ಮ ಮನೆಯ ರೂಢಿ ಅದು."

ಫಕೀರವ್ವ ಅಂಜಿಕೊಂಡೇ ಬಾಯಿ ತೆರೆದಳು. "ಬೆಲ್ಲ ಬ್ಯಾಡ್ರಿ ಅಕ್ಕೋರ. ಹಿಂದಕೊಮ್ಮಿ ನಿಮ್ಮನಿ ಬೆಲ್ಲ ಬಂದಿತ್ರಿ. ನಮ್ಮಪ್ಪ ಅದನ್ನ ಎತ್ತಿಗೆ ಹಾಕಿದ್ನಿ ಅಂತಾನ."

ಮಂಗಳಾಳ ಕಿವಿ ಕೆಂಪಾಯಿತು.

"ತಾಯಿ, ನಮ್ಮ ಮನೆಯವರು ಎಂದೂ..."

"ಮನೆ ಆಚೆ ದಂಡೆಯಲ್ಲಿದೆ. ಈ ದಂಡೆಯಲ್ಲಿ ನೀನಿದ್ದೀ."

"ಅವಳು ಚಿಕ್ಕವಳು. ನಾಳೆಗೆ ಮರೆತುಬಿಡುತ್ತಾಳೆ."

"ಏನನ್ನು ಮರೆಯುತ್ತಾಳೆ? ನಿನ್ನ ಮಾತನ್ನೋ, ತನ್ನ ಕೈಯನ್ನೋ?"

ಗಾಳಿಗೆ ಗೊರಟೆಯ ಒಂದು ಹಳದಿ ಹೂ ಉದುರಿ ಫಕೀರವ್ವನ ಕಾಲ ಬಳಿ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳಬಹುದೇ ಎಂದು ಮಂಗಳಾಳ ಮುಖ ನೋಡಿದಳು.

ಗುರು ಅದನ್ನು ಕಂಡರು. ಮಂಗಳಾಳೂ ಕಂಡಳು.

"ಕೂರು" ಎಂದರು ಗುರು.

ಮಂಗಳಾ ಕುಳಿತಳು. ಕಲ್ಲು ಮಣ್ಣಿನ ಮೇಲೆ, ಸೀರೆಯ ನೆರಿಗೆಯನ್ನೂ ಸರಿ ಮಾಡಿಕೊಳ್ಳದೆ ಕುಳಿತಳು. ಮಗುವಿನ ಮುಖ ಅವಳ ಮುಖದ ಸಮಕ್ಕೆ ಬಂತು.

"ಈಗ ಏನು ಮಾಡಲಿ ತಾಯಿ?"

"ಕ್ಷಮೆ ಕೇಳು."